ಸವೆದ ಟೈರು ಎಲ್ಲಿರಬೇಕು?

ಕಾರಿಗೆ ಚಕ್ರ ನಾಲ್ಕು; ಕಿಸೆಯಲ್ಲಿರುವ ಹಣಕ್ಕೆ ಬರುವುದು ಎರಡೇ ಹೊಸ ಟೈರು. ಮಳೆಗಾಲದ ಮುಂಚೆ ಎಷ್ಟೋ ಮನೆಗಳಲ್ಲಿ ಏಳುವ ಪ್ರಶ್ನೆ ಇದು. ಹೊಸದನ್ನು ಎಲ್ಲಿ ತೊಡಿಸಬೇಕು, ಸವೆದದ್ದನ್ನು ಎಲ್ಲಿ ಉಳಿಸಿಕೊಳ್ಳಬೇಕು? ಯಂತ್ರದ ವಿಷಯವೆಂದು ನಾವು ಇದನ್ನು ಅಂಗಡಿಯವನಿಗೆ ಬಿಟ್ಟುಬಿಡುತ್ತೇವೆ. ನನಗೇನೋ ಇದರಲ್ಲಿ ಧರ್ಮಶಾಸ್ತ್ರಕ್ಕೂ ಸ್ವಲ್ಪ ಪಾಲಿದೆಯೆಂದು ತೋರುತ್ತದೆ.

ಬಹು ಮಂದಿಯ ಉತ್ತರ ಸಿದ್ಧವಾಗಿರುತ್ತದೆ: ಹೊಸದು ಮುಂದಕ್ಕೆ. ದಾರಿಗೆ ತಕ್ಕಂತೆ ತಿರುಗುವುದು ಮುಂದಿನ ಚಕ್ರ. ಬ್ರೇಕು ಹಾಕಿದಾಗ ಹೆಚ್ಚಿನ ಭಾರ ಹೊರುವುದೂ ಅದೇ. ಅಂಬಾಸಿಡರಿನಲ್ಲಿ ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. ಈಗಿನ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಆ ದುಡಿಮೆಯೂ ಮುಂದಿನವಕ್ಕೇ ಬಿದ್ದಿದೆ. ದುಡಿಯುವವನಿಗೆ ಒಳ್ಳೆಯ ಊಟ ಎಂಬ ಈ ನ್ಯಾಯ ಕೇಳುವುದಕ್ಕೆ ಸೊಗಸಾಗಿಯೇ ಇದೆ. ಆದರೆ ಟೈರು ತಯಾರಿಸುವವರು ಹೇಳುವುದು ಇದಕ್ಕೆ ತೀರ ವಿರುದ್ಧ: ಎಂಜಿನ್ನು ಯಾವ ಚಕ್ರವನ್ನಾದರೂ ಓಡಿಸಲಿ, ಎರಡೇ ಹೊಸ ಟೈರುಗಳಿದ್ದರೆ ಅವು ಹಿಂದಕ್ಕೆ.

ಕಾರಣವನ್ನು ತಿಳಿಯಲು ಶಿರಾಡಿ ಘಾಟಿಯ ಒಂದು ಮಳೆಯ ತಿರುವನ್ನು ನೆನೆದುಕೊಂಡರೆ ಸಾಕು. ಟೈರಿನ ಮೈಮೇಲಿನ ತೋಡುಗಳು ನೀರನ್ನು ಹೊರಗೆ ಹಾಯಿಸುವ ಕಾಲುವೆಗಳು. ಹೊಸದರಲ್ಲಿ ಅವುಗಳ ಆಳ ಸುಮಾರು 7-8 ಮಿಲಿಮೀಟರ್. ಸವೆದಂತೆ ಕಾಲುವೆ ಹೂಳುತ್ತದೆ, ಚಕ್ರ ನೆಲ ಬಿಟ್ಟು ನೀರನ್ನು ಹಿಡಿಯುತ್ತದೆ. ಮುಂದಿನ ಚಕ್ರ ಜಾರಿತೆನ್ನಿ. ಕಾರು ತಿರುಗಲೊಲ್ಲದೆ ನೇರಕ್ಕೆ ಹೋಗತೊಡಗುತ್ತದೆ. ಸ್ಟೀರಿಂಗು ಹಗುರಾದುದು ಕೈಗೆ ತಿಳಿಯುತ್ತದೆ. ಗಾಬರಿಯಾದವನು ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾನೆ. ವೇಗ ತಗ್ಗುತ್ತದೆ, ಭಾರ ಮುಂದಕ್ಕೆ ವಾಲುತ್ತದೆ, ಚಕ್ರಕ್ಕೆ ಮತ್ತೆ ಹಿಡಿತ ಸಿಗುವ ಸಂಭವವುಂಟು. ಹಿಂದಿನದು ಜಾರಿದರೋ? ಮುನ್ಸೂಚನೆ ಕೈಗೆ ಅಷ್ಟಾಗಿ ಮುಟ್ಟುವುದಿಲ್ಲ; ಬಾಲ ಪಕ್ಕಕ್ಕೆ ಬೀಸಿದ ಮೇಲೆಯೇ ಅರಿವು. ಗಾಬರಿಯಾದವನು ಇಲ್ಲಿಯೂ ಕಾಲು ತೆಗೆಯುತ್ತಾನೆ. ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರ ಇನ್ನೂ ಹಗುರವಾಗುತ್ತದೆ, ಕಾರು ಬುಗುರಿಯಾಗುತ್ತದೆ. ಬಾಲ ಬೀಸಿದ ಕಡೆಗೇ ಸ್ಟೀರಿಂಗು ತಿರುಗಿಸಿ ಉಳಿಸಿಕೊಳ್ಳಬಹುದು, ನಿಜ; ಅದು ಪಳಗಿದವರ ವಿದ್ಯೆ.

ಎಂದರೆ, ಒಂದೇ ಭಯ ಒಂದು ಕಡೆ ರಕ್ಷಕ, ಇನ್ನೊಂದು ಕಡೆ ಭಕ್ಷಕ. ಯಾವ ಚಕ್ರ ದೊಡ್ಡದೆಂಬ ವಿಚಾರವೇ ಇಲ್ಲಿಲ್ಲ. ಹೆದರಿದ ಸಾಮಾನ್ಯನು ಯಾವ ಸೋಲನ್ನು ತಾಳಿಕೊಂಡಾನು ಎಂಬುದಷ್ಟೇ ಲೆಕ್ಕ. ನಮ್ಮ ಲಕ್ಷಣಗ್ರಂಥಗಳು ಧೀರೋದಾತ್ತನನ್ನು ವರ್ಣಿಸಿ ದಣಿದಿವೆ. ಈ ಸಲಹೆಯಾದರೋ ಭೀರುವಿಗಾಗಿ ಹುಟ್ಟಿದ್ದು. ನೀತಿಯನ್ನು ಹೇಳುವವರು ಮನುಷ್ಯನನ್ನು ಅವನ ಅತ್ಯುತ್ತಮ ಗಳಿಗೆಯಲ್ಲಿ ಕಲ್ಪಿಸಿಕೊಳ್ಳುವುದೇ ಹೆಚ್ಚು. ನನಗೆ ಇದು ಅದಕ್ಕಿಂತ ಕರುಣೆಯುಳ್ಳ ನೀತಿಯಾಗಿ ಕಾಣುತ್ತದೆ.

ಆಕ್ಷೇಪ ಇಲ್ಲದಿಲ್ಲ. ಮುಂದೆ ಸವೆದ ಟೈರಿದ್ದರೆ ಒದ್ದೆ ರಸ್ತೆಯಲ್ಲಿ ಕಾರು ನಿಲ್ಲಲು ಹೆಚ್ಚು ದೂರ ಬೇಕು. ಅಡ್ಡ ಬಂದ ಮಗುವಿಗೆ ನಮ್ಮ ಸಮತೋಲದ ಶಾಸ್ತ್ರ ಕಟ್ಟಿಕೊಂಡು ಆಗಬೇಕಾದುದೇನು? ಸಲಹೆಯನ್ನು ನಾನು ಒಪ್ಪುತ್ತೇನೆ, ಆದರೆ ಅದು ಸವೆದ ಟೈರಿಗೆ ಕೊಟ್ಟ ಪರವಾನಗಿಯಲ್ಲ. ಕಾರಿನ ಟೈರಿಗೆ ನಮ್ಮ ಕಾನೂನು ಹಾಕಿರುವ ಮೇರೆ 1.6 ಮಿಲಿಮೀಟರ್. ಅದಕ್ಕಿಂತ ಕೆಳಗೆ ಹಿಂದು-ಮುಂದಿನ ಚರ್ಚೆಯೇ ಸಲ್ಲದು. ಮೇರೆಗೆ ಹತ್ತಿರ ಬಂದದ್ದನ್ನೂ ಮಳೆಯಲ್ಲಿ ನಂಬಬಾರದು.

ಇಷ್ಟೆಲ್ಲ ವಿಚಾರ ಮಾಡಿ ಕಳಚಿದ ಎರಡು ಟೈರುಗಳನ್ನು ಏನು ಮಾಡುತ್ತೇವೆ? ಅಂಗಡಿಯವನಿಗೇ ಕೊಟ್ಟು ಕೆಲವು ನೂರು ರೂಪಾಯಿ ಕಡಿಮೆ ಮಾಡಿಸಿಕೊಳ್ಳುತ್ತೇವೆ. ಅವು ಗುಜರಿಗೇ ಹೋಗುತ್ತವೆಂದು ಯಾರು ಬಲ್ಲರು? ನಮಗಿಂತ ಬಡವನಾದ ಯಾರದೋ ಬಾಡಿಗೆ ವಾಹನದ ಹಿಂದಿನ ಚಕ್ರಕ್ಕೆ ಅವು ಏರಿದರೂ ಏರಬಹುದು. ನಾವು ಎದುರಿಗೇ ನಿಂತು ಅವುಗಳ ಪಕ್ಕೆಯನ್ನು ಚಾಕುವಿನಿಂದ ಸೀಳಿಸಬಹುದು. ಆ ಕೆಲವು ನೂರು ರೂಪಾಯಿ ಆಗ ಸಿಗುವುದಿಲ್ಲ.