ಸೋತ ತಂಡದ ಜೋಳವಾಳಿ

ನಿಷ್ಠೆ ಎಂಬ ಮಾತನ್ನೂ ಬೆಲೆ ಎಂಬ ಮಾತನ್ನೂ ಒಂದೇ ಬಾಯಿಂದ, ಒಂದೇ ಉಸಿರಿನಲ್ಲಿ ಕೇಳಬೇಕೆನ್ನುವವರು ಮೇ ತಿಂಗಳ ಕೊನೆಗೆ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ಬುಗಳ ಕಡೆ ಕಿವಿಗೊಡಬೇಕು. ಅಲ್ಲಿನ ಮೇಲ್ದರ್ಜೆಯ ಪಂದ್ಯಾವಳಿಯಾದ ಪ್ರೀಮಿಯರ್ ಲೀಗಿನಲ್ಲಿ 20 ತಂಡಗಳು. ವರ್ಷದ ಆಟ ಮುಗಿದಾಗ ಪಟ್ಟಿಯ ತಳದಲ್ಲಿ ಉಳಿದ ಮೂರು ತಂಡಗಳು ಕೆಳಗಿನ ದರ್ಜೆಗೆ ಇಳಿಯಲೇಬೇಕು. ಅಲ್ಲಿಂದ ಮೂರು ಮೇಲಕ್ಕೆ ಬರುತ್ತವೆ. ನಮ್ಮಲ್ಲಿ ನಪಾಸಾದ ಹುಡುಗ ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರುತ್ತಾನೆ. ಅಲ್ಲಿ ಅವನನ್ನು ಹಿಂದಿನ ತರಗತಿಗೇ ಕಳಿಸಿಬಿಡುತ್ತಾರೆ.

ಇಳಿದ ತಂಡದ ಯಜಮಾನರಿಗೆ ದುಃಖಿಸುವುದಕ್ಕೂ ಪುರಸೊತ್ತಿಲ್ಲ. ಆಗಸ್ಟಿನಲ್ಲಿ ಮತ್ತೆ ಆಟ ಆರಂಭ. ಟೆಲಿವಿಷನ್ ಪ್ರಸಾರದಿಂದ ಬರುತ್ತಿದ್ದ ಹಣ ಒಮ್ಮೆಗೇ ಕುಗ್ಗುತ್ತದೆ. ಬಿದ್ದವರ ಕಾಲು ಮುರಿಯದಿರಲೆಂದು ಲೀಗು ಕೊಡುವ ಹಣ ಒಂದುಂಟು. ಅದಕ್ಕೆ ಪ್ಯಾರಾಶೂಟ್ ಎಂದೇ ಹೆಸರು. ಮೇಲಿನ ತಂಡಗಳು ಸಮನಾಗಿ ಹಂಚಿಕೊಳ್ಳುವ ಪ್ರಸಾರದ ಹಣದಲ್ಲಿ ಒಂದು ಪಾಲೆಷ್ಟೋ ಅದರ ನೂರಕ್ಕೆ 55ರಷ್ಟು ಮೊದಲ ವರ್ಷ, 45ರಷ್ಟು ಎರಡನೆಯ ವರ್ಷ, 20ರಷ್ಟು ಮೂರನೆಯ ವರ್ಷ. ಮೇಲೆ ಒಂದೇ ವರ್ಷ ಇದ್ದು ಇಳಿದವರಿಗೆ ಮೂರನೆಯ ಕಂತಿಲ್ಲ. ಆಟಗಾರರ ಸಂಬಳ ಮಾತ್ರ ಕರಾರಿನಲ್ಲಿ ಬರೆದಷ್ಟೇ ಉಳಿಯುತ್ತದೆ. ಇಳಿದರೆ ಕಡಿತ ಎಂಬ ಷರತ್ತನ್ನು ಮೊದಲೇ ಬರೆಸಿದ್ದರೆ ಆ ಮಾತು ಬೇರೆ. ಹೀಗೆ ಜೂನ್ ತಿಂಗಳಲ್ಲಿ ಒಂದು ಕಾಗದ ಸಿದ್ಧವಾಗುತ್ತದೆ: ಯಾರನ್ನು ಮಾರಬೇಕು, ಯಾರನ್ನು ಉಳಿಸಿಕೊಳ್ಳಬೇಕು, ಬಂದ ಹಣದಲ್ಲಿ ಯಾರನ್ನು ಕೊಳ್ಳಬೇಕು. ಲೆಕ್ಕದ ದೃಷ್ಟಿಯಿಂದ ಇದು ಕಿರಾಣಿ ಅಂಗಡಿಯ ದಾಸ್ತಾನು ಪಟ್ಟಿಗಿಂತ ಬಹಳ ಭಿನ್ನವಲ್ಲ. ಆದರೆ ಪಟ್ಟಿಯಲ್ಲಿರುವುದು ಬೇಳೆ ಬೆಲ್ಲವಲ್ಲ, ಮನುಷ್ಯರ ಹೆಸರು.

ಕನ್ನಡ ಪಾಠ ಹೇಳುವವನಿಗೆ ಈ ಗೊಡವೆಯೇಕೆಂದು ಓದುಗರು ಕೇಳಬಹುದು. ತರಗತಿಯಲ್ಲಿ ಪಂಪನ ಕರ್ಣನನ್ನು ಓದಿಸುತ್ತಿದ್ದಾಗ, ರಾತ್ರಿ ನಿದ್ದೆಗೆಟ್ಟು ಆ ಪಂದ್ಯಗಳನ್ನು ನೋಡುವ ಹುಡುಗನೊಬ್ಬ ಎದ್ದು ನಿಂತು, “ಸಾರ್, ತಂಡ ಬಿದ್ದಾಗ ಬಿಟ್ಟು ಹೋಗುವ ಆಟಗಾರನನ್ನು ಕೃತಘ್ನ ಅನ್ನಬಹುದೆ?” ಎಂದು ಕೇಳಿದ. ಅಂದು ಗಂಟೆ ಹೊಡೆಯಿತು. ಪ್ರಶ್ನೆ ಉಳಿಯಿತು.

ಅವನು ಆ ಹೊತ್ತಿನಲ್ಲಿ ಅದನ್ನು ಕೇಳಿದ್ದು ಅಸಂಗತವೇನಲ್ಲ. ಕೃಷ್ಣ ಕರ್ಣನಿಗೆ ಜನ್ಮರಹಸ್ಯವನ್ನು ತಿಳಿಸಿ, ಪಾಂಡವರ ಕಡೆ ಬಾ, ರಾಜ್ಯ ನಿನ್ನದೇ ಎಂದಾಗ ಕರ್ಣ ಒಲ್ಲೆನೆಂದನಷ್ಟೆ. ಗೆಲ್ಲುವ ಕಡೆಯಿಂದ ಕರೆ ಬಂದಾಗ ಸೋಲುವ ಕಡೆಯೇ ಉಳಿದವನು ಅವನು. ಹಳಗನ್ನಡದಲ್ಲಿ ಇದಕ್ಕೊಂದು ಸೊಗಸಾದ ಮಾತಿದೆ, ಜೋಳವಾಳಿ. ಒಡೆಯನ ಮನೆಯ ಜೋಳ ಉಂಡವನು ಯುದ್ಧ ಬಂದಾಗ ತೀರಿಸಬೇಕಾದ ಋಣ ಅದು. ನಮ್ಮ ವೀರಗಲ್ಲುಗಳ ಹಿಂದಿರುವ ಧರ್ಮವೂ ಬಹುಮಟ್ಟಿಗೆ ಇದೇ. ಆದರೆ ನಮ್ಮ ಪುರಾಣದಲ್ಲಿ ವಿಭೀಷಣನೂ ಇದ್ದಾನೆಂಬುದನ್ನು ಮರೆಯಬಾರದು. ಅಣ್ಣನ ಜೋಳವನ್ನೇ ಉಂಡು ಬೆಳೆದವನು, ಲಂಕೆ ಬೀಳುವ ಮುನ್ನ ಆಚೆ ದಡಕ್ಕೆ ಹೋದ. ಒಬ್ಬನನ್ನು ನೆನೆದು ಕಣ್ಣೀರಿಡುತ್ತೇವೆ, ಇನ್ನೊಬ್ಬನನ್ನು ಧರ್ಮಾತ್ಮನೆನ್ನುತ್ತೇವೆ. ಇಬ್ಬರನ್ನೂ ಮೆಚ್ಚಿಕೊಂಡಿರುವ ಜನಕ್ಕೆ ಈ ಪ್ರಶ್ನೆ ಸುಲಭವಾಗಿ ಬಗೆಹರಿಯುವಂಥದಲ್ಲ.

ಕರ್ಣನಂಥವರು ಫುಟ್‌ಬಾಲಿನಲ್ಲಿಯೂ ಇದ್ದಾರೆ. 2006ರಲ್ಲಿ ಇಟಲಿಯ ಯುವೆಂಟಸ್ ಕ್ಲಬ್ಬಿನ ಅಧಿಕಾರಿಗಳು ತಮಗೆ ಬೇಕಾದ ತೀರ್ಪುಗಾರರ ನೇಮಕಕ್ಕೆ ಕೈಹಾಕಿದರೆಂಬ ಹಗರಣ ಬಯಲಾಯಿತು. ಆಟದಲ್ಲಿ ಪಟ್ಟಿಯ ತುದಿಯಲ್ಲಿದ್ದ ತಂಡವನ್ನು ನ್ಯಾಯಮಂಡಲಿ ಎರಡನೆಯ ದರ್ಜೆಗೆ ತಳ್ಳಿತು. ಮೇಲ್ಮನವಿಗಳೆಲ್ಲ ಮುಗಿದ ಮೇಲೂ ಹೊಸ ವರ್ಷದ ಲೆಕ್ಕದಲ್ಲಿ 9 ಅಂಕಗಳ ಸಾಲ ಉಳಿದೇ ಇತ್ತು. ಆ ಜುಲೈನಲ್ಲಿ ತಾನೇ ಇಟಲಿ ವಿಶ್ವಕಪ್ ಗೆದ್ದಿತ್ತು. ಗೆದ್ದ ತಂಡದ ನಾಯಕ ಕನ್ನಾವಾರೋ ಯುವೆಂಟಸ್ ಬಿಟ್ಟು ಮ್ಯಾಡ್ರಿಡ್‌ಗೆ ಹೋದ. ಜಂಬ್ರೋಟಾ, ಥುರಾಮ್ ಬಾರ್ಸಿಲೋನಾಕ್ಕೆ, ಇಬ್ರಾಹಿಮೋವಿಚ್, ವಿಯೆರಾ ಇಂಟರ್ ಮಿಲಾನ್‌ಗೆ. ಗೋಲು ಕಾಯುವ ಬುಫೋನ್, ದೆಲ್ ಪಿಯೆರೋ, ನೆಡ್ವೆಡ್ ಉಳಿದರು. ವಿಶ್ವವಿಜೇತನಾದವನು ಎರಡೇ ತಿಂಗಳಲ್ಲಿ ರಿಮಿನಿಯೆಂಬ ಕಡಲ ದಂಡೆಯ ಊರಿನ ಮೈದಾನದಲ್ಲಿ ಎರಡನೆಯ ದರ್ಜೆಯ ಪಂದ್ಯಕ್ಕೆ ಇಳಿದ. ಆ ಪಂದ್ಯವೂ 1-1 ಸಮವಾಯಿತು! ವರ್ಷ ಮುಗಿಯುವಾಗ ದೆಲ್ ಪಿಯೆರೋ 20 ಗೋಲು ಹೊಡೆದಿದ್ದ. ತಂಡ ಮೊದಲ ಸ್ಥಾನ ಪಡೆದು 2007ರಲ್ಲಿ ಮೇಲಕ್ಕೆ ಬಂದಿತು.

ಈ ಕತೆ ಕೇಳಿದಾಗ ಮನಸ್ಸು ತುಂಬಿ ಬರುತ್ತದೆ, ಸರಿ. ಆದರೆ ಹೋದವರನ್ನು ಹಳಿಯಲು ನನಗೆ ನಾಲಿಗೆ ಏಳುವುದಿಲ್ಲ. ತಪ್ಪು ಮಾಡಿದವರು ಕಛೇರಿಯವರು, ಗೆದ್ದುಕೊಟ್ಟವರು ಆಟಗಾರರು. ಥುರಾಮನೂ ನೆಡ್ವೆಡ್‌ನೂ ಒಂದೇ ವರ್ಷ, 1972ರಲ್ಲಿ, ಹುಟ್ಟಿದವರು. ಆ ವಯಸ್ಸಿನ ಆಟಗಾರನ ಪಾಲಿಗೆ ಒಂದು ವರ್ಷವೆಂದರೆ ನಮ್ಮ ಹತ್ತು ವರ್ಷ. ಒಬ್ಬ ಅದನ್ನು ಕೊಟ್ಟ, ಇನ್ನೊಬ್ಬ ಕೊಡಲಿಲ್ಲ. ಕೊಟ್ಟದ್ದು ದಾನ. ದಾನ ಮಾಡದವನನ್ನು ಸಾಲಗಾರನೆನ್ನುವುದು ಯಾವ ನ್ಯಾಯ?

ಹಿಂದಿನ ಕಾಲದ ಆಟಗಾರರು ಹೀಗಿರಲಿಲ್ಲ, ಒಂದೇ ಕ್ಲಬ್ಬಿಗೆ ಬಾಳು ಸವೆಸುತ್ತಿದ್ದರು ಎಂದು ಹಳಹಳಿಸುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರು ಮೊದಲು ಹೇಳುವ ಹೆಸರು ಪ್ರೆಸ್ಟನ್ ನಾರ್ತ್ ಎಂಡ್ ತಂಡದ ಟಾಮ್ ಫಿನ್ನಿಯದು. ನಲ್ಲಿ ಕೊಳಾಯಿಯ ಕಸುಬು ಕಲಿತವನು, ಇಂಗ್ಲೆಂಡಿನ ಅತ್ಯುತ್ತಮ ಆಟಗಾರರಲ್ಲೊಬ್ಬ. 1949ರಲ್ಲಿ ಪ್ರೆಸ್ಟನ್ ದರ್ಜೆ ಕಳೆದುಕೊಂಡಾಗ ಅವನೂ ಕೆಳಗಿಳಿದ, 1951ರಲ್ಲಿ ತಂಡದೊಡನೆಯೇ ಮೇಲೆ ಬಂದ. ಮರುವರ್ಷ ಇಟಲಿಯ ಪಲೆರ್ಮೋ ಕ್ಲಬ್ಬು, ಬಂದು ಸೇರಿದರೆ ಅವನ ಕೈಗೇ 10,000 ಪೌಂಡು ಕೊಡುವುದಾಗಿ ಹೇಳಿಕಳಿಸಿತು. ಪ್ರೆಸ್ಟನ್ ಬಿಡಲಿಲ್ಲ. 1960ರಲ್ಲಿ ಆಟ ನಿಲ್ಲಿಸುವ ತನಕ ಅವನು ಅಲ್ಲೇ ಉಳಿದ. ಅವನು ಹೋದ ಮರುವರ್ಷವೇ ಇಳಿದ ಪ್ರೆಸ್ಟನ್ 2025ರ ತನಕವೂ ಮೇಲಿನ ದರ್ಜೆಯ ಮುಖ ಕಾಣಲಿಲ್ಲ.

ಇದನ್ನು ನಿಷ್ಠೆ ಎನ್ನೋಣವೆ? ಫಿನ್ನಿಗೆ ಊರಿನ ಮೇಲೆ ಪ್ರೀತಿಯಿತ್ತು, ಸಂದೇಹವಿಲ್ಲ. ಆದರೆ ಆಗಿನ ಕಟ್ಟಳೆಯಂತೆ ಕರಾರು ಮುಗಿದ ಮೇಲೂ ಕ್ಲಬ್ಬು ಒಪ್ಪದೆ ಆಟಗಾರ ಬೇರೆಡೆ ಹೋಗುವಂತಿರಲಿಲ್ಲ. ಎಂಥ ಆಟಗಾರನಿಗೂ ವಾರಕ್ಕೆ ಇಂತಿಷ್ಟೇ ಸಂಬಳವೆಂಬ ಮಿತಿ ಬೇರೆ. 1961ರಲ್ಲಿ ರದ್ದಾದಾಗ ಆ ಮಿತಿ 20 ಪೌಂಡು. ನ್ಯೂಕಾಸಲ್ ತಂಡದ ಜಾರ್ಜ್ ಈಸ್ಟ್‌ಹ್ಯಾಮ್ 1960ರಲ್ಲಿ ಬಿಡುಗಡೆ ಕೇಳಿ, ಸಿಗದೆ, ಆಟವನ್ನೇ ಬಿಟ್ಟು ಕೆಲವು ತಿಂಗಳು ಕಾರ್ಕು ಮಾರಿಕೊಂಡು ಕಾಲ ಹಾಕಿದ. ಕೊನೆಗೆ ಅವನನ್ನು ಆರ್ಸೆನಲ್‌ಗೆ ಕೊಟ್ಟರು. ಆ ವರ್ಷದ ಆಟ ಮುಗಿಯುವಾಗ ನ್ಯೂಕಾಸಲ್ ದರ್ಜೆಯಿಂದ ಇಳಿಯಿತು. ಅವನು ಹೂಡಿದ್ದ ದಾವೆಯಲ್ಲಿ 1963ರಲ್ಲಿ ನ್ಯಾಯಾಧೀಶ ವಿಲ್ಬರ್‌ಫೋರ್ಸ್ ಈ ಪದ್ಧತಿ ಮನುಷ್ಯನ ದುಡಿಮೆಗೆ ಅನ್ಯಾಯವಾದ ತಡೆಯೆಂದು ತೀರ್ಪಿತ್ತರು. ಕರಾರು ಮುಗಿದವನು ಯಾರಿಗೂ ಹಣ ಕಟ್ಟದೆ ಹೋಗಬಹುದೆಂಬುದು ಯೂರೋಪಿನಲ್ಲಿ ಸ್ಥಿರಪಟ್ಟದ್ದು ಬೆಲ್ಜಿಯಮ್ಮಿನ ಬೋಸ್ಮನ್ ಎಂಬ ಆಟಗಾರನ ಮೊಕದ್ದಮೆಯಿಂದ, 1995ರ ಡಿಸೆಂಬರಿನಲ್ಲಿ. ಬಾಗಿಲಿಗೆ ಬೀಗ ಹಾಕಿ, ಒಳಗಿದ್ದವನನ್ನು ಮನೆವಾರ್ತೆಯಲ್ಲಿ ಆಸಕ್ತನೆಂದು ಹೊಗಳಿದ ಹಾಗಿತ್ತು ಅಲ್ಲಿಯ ತನಕ. ಕರ್ಣನ ದೊಡ್ಡತನ ಬಾಗಿಲು ತೆರೆದಿದ್ದರಿಂದ ಬಂದದ್ದು.

ಇಷ್ಟು ಆಟಗಾರನ ಮಾತಾಯಿತು. ಕ್ಲಬ್ಬಿನ ನಿಷ್ಠೆಯ ಮಾತನ್ನು ಯಾರೂ ಅಷ್ಟಾಗಿ ಎತ್ತುವುದಿಲ್ಲ. ಲೀಡ್ಸ್ ಯುನೈಟೆಡ್ 2001ರಲ್ಲಿ ಯೂರೋಪಿನ ಚಾಂಪಿಯನ್ಸ್ ಲೀಗಿನ ಸೆಮಿಫೈನಲ್ ಮುಟ್ಟಿತ್ತು. ಮುಂದೆಯೂ ಹೀಗೆಯೇ ಎಂಬ ನೆಚ್ಚಿಕೆಯಲ್ಲಿ ಸಾಲ ತಂದು ಆಟಗಾರರನ್ನು ಕೊಂಡಿದ್ದರು. ಮರುವರ್ಷಗಳಲ್ಲಿ ಆ ಪಂದ್ಯಾವಳಿಗೆ ಪ್ರವೇಶವೇ ಸಿಗಲಿಲ್ಲ. 2002ರಲ್ಲಿ ಫರ್ಡಿನಂಡ್‌ನನ್ನು ಸುಮಾರು 3 ಕೋಟಿ ಪೌಂಡಿಗೆ ಮಾರಿದರು. ಒಬ್ಬೊಬ್ಬರಾಗಿ ಉಳಿದವರೂ ಹೋದರು. 2004ರಲ್ಲಿ ತಂಡ ಬಿತ್ತು. ತವರಿನ ಕೊನೆಯ ಪಂದ್ಯದಂದು ಊರಿನ ಹುಡುಗ ಅಲನ್ ಸ್ಮಿತ್‌ನನ್ನು ಜನ ಹೆಗಲ ಮೇಲೆ ಹೊತ್ತು ಮೆರೆಸಿದರು. ಅದೇ ತಿಂಗಳು ಅವನು ಬದ್ಧವೈರಿಗಳಾದ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಮಾರಾಟವಾದ. ಇದನ್ನು ಹೇಳುವವರು ಬಹಳ. ಲೀಡ್ಸ್‌ನಲ್ಲೇ ಹುಟ್ಟಿದ 18 ವರ್ಷದ ಜೇಮ್ಸ್ ಮಿಲ್ನರ್‌ನ ಮಾತನ್ನು ಹೇಳುವವರು ಕಡಿಮೆ. ಚಿಕ್ಕಂದಿನಿಂದ ತಾನು ಪೂಜಿಸಿದ ತಂಡವನ್ನು ಬಿಡಲು ಅವನಿಗೆ ಮನಸ್ಸಿರಲಿಲ್ಲ. ಕ್ಲಬ್ಬಿಗೆ ಹಣ ಬೇಕಾಗಿತ್ತು, ಕಳಿಸಿದರು. ಆ ಹುಡುಗ ಜೋಳವಾಳಿ ತೀರಿಸುತ್ತೇನೆಂದು ನಿಂತಿದ್ದಾಗ ಒಡೆಯನೇ ಅವನನ್ನು ಸಂತೆಗೆ ಕಳಿಸಿದ. ಅದೇ ವರ್ಷ ತಮ್ಮ ಆಟದ ಮೈದಾನವನ್ನೂ ಮಾರಿದರು. ಲೀಡ್ಸ್ ಮತ್ತೆ ಮೇಲ್ದರ್ಜೆಗೆ ಬರಲು 16 ವರ್ಷ ಹಿಡಿಯಿತು.

ಇದಕ್ಕೆ ತಿರುಗುಮುರುಗಾದದ್ದು ಸಂಡರ್ಲೆಂಡಿನಲ್ಲಿ ನಡೆಯಿತು. ಆ ತಂಡ 2017ರಲ್ಲಿ ಇಳಿದಾಗ ಜ್ಯಾಕ್ ರಾಡ್‌ವೆಲ್ ಎಂಬ ಆಟಗಾರನ ಕರಾರಿನಲ್ಲಿ ಸಂಬಳ ಕಡಿತದ ಷರತ್ತೇ ಇರಲಿಲ್ಲ. ಗಾಯಗಳಿಂದ ಅವನು ಆಡಿದ್ದೂ ಕಡಿಮೆ. ಕರಾರು ಮುರಿದುಕೊಂಡು ಹೋಗೆಂದು ಕ್ಲಬ್ಬು ಕೇಳಿತು. ಅವನು ಆಗ ಒಪ್ಪಲಿಲ್ಲ. ಊರೆಲ್ಲ ಅವನನ್ನು ಬೈಯಿತು. ಲೀಡ್ಸ್‌ನಲ್ಲಿ ಹೋದವನು ದ್ರೋಹಿ, ಸಂಡರ್ಲೆಂಡಿನಲ್ಲಿ ಉಳಿದವನು ದ್ರೋಹಿ! ಅವನು ಮಾಡಿದ್ದಾದರೂ ಏನು? ಕ್ಲಬ್ಬು ತಾನೇ ರುಜು ಹಾಕಿದ ಕಾಗದವನ್ನು ನಂಬಿದ. ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟುಕೊಂಡಾಗಿನಿಂದ ನನಗೆ ಅನ್ನಿಸಿದೆ, ನಿಷ್ಠೆ ಎಂಬ ಮಾತು ಆ ಬೇಸಗೆಯಲ್ಲಿ ಬಹುಮಟ್ಟಿಗೆ ‘ನಮ್ಮ ಲೆಕ್ಕಕ್ಕೆ ಅನುಕೂಲ’ ಎಂಬುದರ ಇನ್ನೊಂದು ಹೆಸರು.

ಹಾಗಾದರೆ ಋಣವೇ ಇಲ್ಲವೆ? ಇದೆ, ನಾವು ಅದನ್ನು ಹುಡುಕುವ ಕಡೆ ಇಲ್ಲ. ಜೋಳವಾಳಿಯ ಲೆಕ್ಕ ಹಾಕಬೇಕಾದರೆ ಜೋಳ ಯಾರ ಹೊಲದ್ದು ಎಂಬುದನ್ನು ಮೊದಲು ನೋಡಬೇಕು. ಫುಟ್‌ಬಾಲಿನ ಕಣಜ ತುಂಬುವವರು ಟಿಕೀಟು ಕೊಳ್ಳುವವರು, ಮನೆಯಲ್ಲಿ ಕುಳಿತು ಹಣ ತೆತ್ತು ನೋಡುವವರು. ಯಜಮಾನನೂ ಆಟಗಾರನೂ ಉಣ್ಣುವುದು ಅದನ್ನೇ. ಸಂಡರ್ಲೆಂಡಿನ ಆ ವರ್ಷದ ಮೇಲೆ 2018ರಲ್ಲಿ ಒಂದು ಸಾಕ್ಷ್ಯಚಿತ್ರಮಾಲೆ ಬಂತು. ಅದರಲ್ಲಿ ತಂಡದ ಅಡುಗೆಮನೆಯಲ್ಲಿ ಕೆಲಸ ಮಾಡುವವರನ್ನೂ ತೋರಿಸಿದ್ದಾರೆ. ತಂಡ ಸೋತರೆ ಅವರ ಮುಖ ಬಾಡುತ್ತದೆ. ಅವರನ್ನು ಕೊಳ್ಳಲು ಮ್ಯಾಡ್ರಿಡ್‌ನಿಂದ ಯಾರೂ ಬರುವುದಿಲ್ಲ. ಗ್ಯಾಲರಿಯಲ್ಲಿ ತಂದೆ ಕೂತ ಜಾಗದಲ್ಲೇ ಕೂರುವ ಮಗನಿಗೂ ವರ್ಗವಿಲ್ಲ. ಮೂರನೆಯ ದರ್ಜೆಗೆ ಇಳಿದರೂ ಅವನಿಗೆ ಅದೇ ಕುರ್ಚಿ, ಅದೇ ಮಳೆ. ಜೂನ್ ತಿಂಗಳ ಕಾಗದದಲ್ಲಿ ಹೋಗಬಲ್ಲವರ ಹೆಸರುಗಳೇ ತುಂಬಿರುತ್ತವೆ. ಹೋಗಲಾರದವರ ಹೆಸರು ಆ ಕಾಗದದ ತಲೆಯಲ್ಲಿರಬೇಕಾಗಿತ್ತು. ಹಾಗಿದ್ದ ಪಕ್ಷದಲ್ಲಿ, ಹೋಗಬೇಕೆನ್ನುವವನನ್ನು ಗದರಿಸದೆ, ಒಳ್ಳೆಯ ಬೆಲೆಗೆ ಬೇಗ ಮಾರಿ, ಆ ಹಣದಿಂದ ಉಳಿದವರ ಮನೆ ನಿಲ್ಲಿಸುವುದು ತಪ್ಪಾಗಿ ನನಗೆ ತೋರುವುದಿಲ್ಲ. ಅದೇ ಧರ್ಮವೆಂದು ತೋರುತ್ತದೆ. ಮಿಲ್ನರ್‌ನ ಮಾರಾಟವನ್ನೂ ಹೀಗೆ ಸಮರ್ಥಿಸಬಹುದೇನೋ. ಆದರೆ ಸಾಲ ಮಾಡಿದವರು ಯಾರು, ಊರು ಬಿಟ್ಟವನು ಯಾರು ಎಂದು ನೋಡಿದಾಗ ಆ ಸಮರ್ಥನೆ ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಚೆನ್ನಾಗಿ ಮಾಡಿದವರೂ ಇದ್ದಾರೆ. 2016ರಲ್ಲಿ ನ್ಯೂಕಾಸಲ್ ಇಳಿದಾಗ ತರಬೇತಿಗಾರ ಬೆನಿಟೆಜ್, ಹೋಗಬಹುದಾಗಿದ್ದರೂ, ಉಳಿದ. ವೈನಾಲ್ಡಮ್‌ನನ್ನು ಲಿವರ್‌ಪೂಲಿಗೂ ಸಿಸೊಕೋನನ್ನು ಟಾಟನ್‌ಹ್ಯಾಮಿಗೂ ಮಾರಿ, ಆ ಹಣದಲ್ಲಿ ಕೆಳಗಿನ ದರ್ಜೆಗೆ ತಕ್ಕವರನ್ನು ಆರಿಸಿ ತಂದರು. ಮೇಲಿನ ದರ್ಜೆಯ ಕ್ರಿಸ್ಟಲ್ ಪ್ಯಾಲೆಸ್ ತಂಡದಲ್ಲಿದ್ದ ಡ್ವೈಟ್ ಗೇಲ್ ಒಂದು ಮೆಟ್ಟಲು ಕೆಳಗಿಳಿದು ಬಂದ. ಆ ವರ್ಷ ಲೀಗಿನಲ್ಲಿ ಅವನು ಹೊಡೆದದ್ದು 23 ಗೋಲು. ತಂಡ ಮೊದಲನೆಯದಾಗಿ 2017ರಲ್ಲಿ ಮೇಲೇರಿತು. ಬೇಸಗೆಯ ಲೆಕ್ಕ ಹೇಗಿರಬೇಕೆಂಬುದಕ್ಕೆ ಇದನ್ನೇ ಮಾದರಿಯೆಂದು ಹೇಳುವುದುಂಟು. ನಾನೂ ಹಾಗೆಯೇ ಹೇಳುತ್ತಿದ್ದೆ, ಮುಂದಿನದೊಂದು ಇರದಿದ್ದರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ನಮ್ಮಲ್ಲಿದೆಯಷ್ಟೆ. ಮೇಲಿನ ದರ್ಜೆಗೆ ಗೇಲ್ ಸಾಲದೆಂದು ಕಂಡುಬಂತು. 2018ರ ಬೇಸಗೆಯಲ್ಲಿ ಅವನನ್ನು ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್‌ಗೆ ಒಂದು ವರ್ಷದ ಮಟ್ಟಿಗೆ ಎರವಲು ಕೊಟ್ಟು, ಅಲ್ಲಿಂದ ರೊಂಡಾನ್ ಎಂಬವನನ್ನು ಎರವಲು ತಂದರು. ವೆಸ್ಟ್ ಬ್ರಾಮ್‌ವಿಚ್ ಆ ಮೇ ತಿಂಗಳಲ್ಲಿ ತಾನೇ ದರ್ಜೆಯಿಂದ ಇಳಿದಿತ್ತು. ಗೋಲು ಹೊಡೆದು ಮೇಲೆತ್ತುವವನೊಬ್ಬ ಅವರಿಗೂ ಬೇಕಾಗಿತ್ತು.