ಅತಿಥಿ ಯಾರು?

ಕಲಬುರಗಿಯ ಐವಾನ್-ಎ-ಶಾಹಿ ನಿಝಾಮರ ಕಾಲದ ರಾಜ ಅತಿಥಿಗೃಹ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಇಂದು ಅದು ಸರ್ಕಾರಿ ಅತಿಥಿಗೃಹ. ಸಚಿವರು, ಅಧಿಕಾರಿಗಳು ತಂಗುವ ಜಾಗ. ಆಡಳಿತಕ್ಕೆ ಅಂಥದೊಂದು ಮನೆ ಬೇಕು, ಆಕ್ಷೇಪವಿಲ್ಲ. ಆದರೆ ಹುದ್ದೆ ನೋಡಿ ಕೊಠಡಿ ಕೊಡುವುದು ಆತಿಥ್ಯವೇ?

ಜಪಾನಿನ ಸಾಂಪ್ರದಾಯಿಕ ವಸತಿಗೃಹವಾದ ರ್ಯೋಕಾನ್ ಈ ಪ್ರಶ್ನೆಗೆ ಬೇರೊಂದು ಉತ್ತರ ಕೊಡುತ್ತದೆ. ಅಲ್ಲಿ ಪಾದರಕ್ಷೆಯನ್ನು ಬಾಗಿಲಲ್ಲೇ ಬಿಡಬೇಕು. ಒಳಗೆ ಅತಿಥಿಗಳಿಗೆಲ್ಲ ಹತ್ತಿಯ ಸರಳ ನಿಲುವಂಗಿ, ಚಾಪೆಯ ಮೇಲೆ ಹಾಸಿಗೆ. ಎಲ್ಲರೂ ಇಳಿಯುವ ಸ್ನಾನದ ಕೊಳ ಕೊಳೆಯಾಗಬಾರದೆಂದು ಮೊದಲೇ ಮೈ ತೊಳೆದುಕೊಳ್ಳಬೇಕು. ಹಣ ತೆತ್ತವನೂ ಮನೆಯ ಕ್ರಮಕ್ಕೆ ಬದ್ಧ. ಮಸೀದಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ವುಝೂ ಮಾಡಿ, ಒಂದೇ ಸಾಲಿನಲ್ಲಿ ನಿಲ್ಲುವ ನಮಗೆ ಇದರ ಅರ್ಥ ಸುಲಭವಾಗಿ ತಿಳಿಯುತ್ತದೆ.

ಆದರೆ ಒಳಗೆ ಬಂದವರನ್ನು ಸಮಾನವಾಗಿ ಕಂಡರಷ್ಟೇ ಸಾಲದು; ಯಾರನ್ನು ಹೊರಗಿಟ್ಟೆವು ಎಂಬುದೂ ಮುಖ್ಯ. ಮನಸ್ಸಿಗೆ ಬಂದಂತೆ ಪ್ರಯಾಣಿಕರನ್ನು ನಿರಾಕರಿಸಬಾರದೆಂದು ಜಪಾನಿನಲ್ಲಿ 1948ರಿಂದಲೇ ಕಾನೂನಿದೆ. ಆದರೂ 2003ರಲ್ಲಿ ಕುಮಾಮೊಟೊ ಪ್ರಾಂತ್ಯದ ಹೋಟೆಲೊಂದು, ಕುಷ್ಠರೋಗದಿಂದ ಎಂದೋ ಗುಣಮುಖರಾಗಿದ್ದ ವೃದ್ಧರಿಗೆ ಕೊಠಡಿ ನಿರಾಕರಿಸಿತು. ಆಡಳಿತ ಅದರ ಮೇಲೆ ಕ್ರಮ ಕೈಗೊಂಡಿತು. ಸಭ್ಯತೆಗೆ ಹೆಸರಾದ ನಾಡಿನಲ್ಲೂ ಬಾಗಿಲು ಮುಚ್ಚುವ ಕೈಗಳಿವೆ.

ಪವಿತ್ರ ಕುರ್‌ಆನ್ ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ಪ್ರಯಾಣಿಕನನ್ನೂ ಸೇರಿಸಿದೆ. ಅವನನ್ನು ಕರೆದಿರುವುದು ‘ಇಬ್ನುಸ್ಸಬೀಲ್’, ಅಂದರೆ ದಾರಿಯ ಮಗ ಎಂದು. ಊರಿನಲ್ಲಿ ಆತ ಶ್ರೀಮಂತನೇ ಆಗಿರಬಹುದು. ದಾರಿಯಲ್ಲಿ ಕೈಬರಿದಾದರೆ ಅವನಿಗೂ ಹಕ್ಕಿದೆ. ಇಲ್ಲಿ ಅರ್ಹತೆ ಅವನ ಅಗತ್ಯ, ಅಂತಸ್ತಲ್ಲ. ಅತಿಥಿಗೂ ಮಿತಿಯಿದೆ. ಆತಿಥ್ಯ ಮೂರು ದಿನ, ಆತಿಥೇಯನಿಗೆ ಹೊರೆಯಾಗುವಷ್ಟು ಉಳಿಯಬಾರದು ಎಂಬುದು ಪ್ರವಾದಿ(ಸ)ಯವರ ಬೋಧನೆ.

ಕಲಬುರಗಿಗೆ ಇದು ಹೊಸ ಪಾಠವಲ್ಲ. ತೈಮೂರನ ದಾಳಿಯ ಕಾಲದಲ್ಲಿ, 1398ರಲ್ಲಿ, ದೆಹಲಿ ತೊರೆದ ಖ್ವಾಜಾ ಬಂದೇನವಾಝರು ಇಳಿವಯಸ್ಸಿನಲ್ಲಿ ಈ ಊರಿಗೆ ಬಂದು ನೆಲೆಸಿದರು. ಅಂದು ದಾರಿಯಲ್ಲಿ ಬಂದವರ ದರ್ಗಾಕ್ಕೆ ಇಂದು ಎಲ್ಲ ಧರ್ಮದವರೂ ಬರುತ್ತಾರೆ. ಅದೇ ಊರಿನ ಶರಣಬಸವೇಶ್ವರರ ಹೆಸರೂ ದಾಸೋಹದೊಂದಿಗೇ ಬೆರೆತಿದೆ.

ವಸತಿಗೃಹದಲ್ಲಿ ಹೆಸರು ಕೇಳುವುದು ತಪ್ಪಲ್ಲ, ಕಾನೂನಿಗೆ ದಾಖಲೆ ಬೇಕು. ಆದರೆ ಹೆಸರು ಕೇಳಿದ ಮೇಲೆ ‘ಕೊಠಡಿ ಖಾಲಿ ಇಲ್ಲ’ ಎನ್ನುವುದು ಬೇರೆಯೇ ಮಾತು. ರೋಗಿಯ ಜೊತೆ ಹಳ್ಳಿಯಿಂದ ಬಂದವರಿಗೆ, ಪರೀಕ್ಷೆ ಬರೆಯಲು ಬಂದ ಬಡ ಹುಡುಗನಿಗೆ ರಾತ್ರಿ ತಲೆಯಿಡಲು ಜಾಗ ಸಿಗುವುದೇ? ನಮ್ಮ ಜಮಾಅತ್‌ಗಳು, ಮಠಗಳು, ಲಾಡ್ಜ್ ಮಾಲೀಕರು ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕು. ಊರಿನ ಆತಿಥ್ಯವನ್ನು ಅಳೆಯಬೇಕಾದದ್ದು ಸಚಿವರ ಕೊಠಡಿಯಿಂದಲ್ಲ, ಇಂಥವರ ರಾತ್ರಿಯಿಂದ.