ಮೈತ್ರೇಯನ ಸಂಶಯ

ಚರಕಸಂಹಿತೆಯ ಸೂತ್ರಸ್ಥಾನದ ಹತ್ತನೆಯ ಅಧ್ಯಾಯದಲ್ಲಿ ಒಂದು ಸಣ್ಣ ವಾಗ್ವಾದ ಬರುತ್ತದೆ. ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳೂ ಗುಣಸಂಪನ್ನವಾಗಿ ಕೂಡಿಬಂದರೆ ಆರೋಗ್ಯ ಲಭಿಸುತ್ತದೆಂದು ಪುನರ್ವಸು ಆತ್ರೇಯರು ಪ್ರತಿಪಾದಿಸುವಾಗ, ಮೈತ್ರೇಯನೆಂಬುವನು ಅದನ್ನು ಒಪ್ಪಲಾರೆನೆನ್ನುತ್ತಾನೆ. ನಾಲ್ಕು ಪಾದಗಳೂ ಸೇರಿ, ಪಥ್ಯದಲ್ಲಿದ್ದು, ಕುಶಲರಾದ ವೈದ್ಯರ ಕೈಯಿಂದ ಔಷಧ ಸೇವಿಸಿದವರಲ್ಲಿಯೂ ಕೆಲವರು ಬದುಕುತ್ತಾರೆ, ಕೆಲವರು ಸಾಯುತ್ತಾರೆ; ಇವಾವುದೂ ಇಲ್ಲದವರಲ್ಲಿಯೂ ಕೆಲವರು ಬದುಕುತ್ತಾರೆ, ಕೆಲವರು ಸಾಯುತ್ತಾರೆ; ಹೀಗಿರುವಲ್ಲಿ ಚಿಕಿತ್ಸೆ ಉಂಟು ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ಭೇದವೇನೆಂಬುದು ಅವನ ಪ್ರಶ್ನೆ. ಬಿದ್ದವನು ತಾನಾಗಿಯೇ ಏಳಬಲ್ಲವನಾದರೂ ಮತ್ತೊಬ್ಬನು ಕೈನೀಡಿದರೆ ಶೀಘ್ರವಾಗಿ, ಆಯಾಸವಿಲ್ಲದೆ ಏಳುವಂತೆ, ಔಷಧವೂ ಉಪಕರಿಸುತ್ತದೆ; ಅಸಾಧ್ಯವ್ಯಾಧಿಗೆ ಮಾತ್ರ ಯಾವ ಔಷಧವೂ ಇಲ್ಲವೆಂಬುದು ಆತ್ರೇಯರ ಸಮಾಧಾನದ ಸಾರ.

ಆ ದೃಷ್ಟಾಂತ ಸೊಗಸಾದುದು. ಆದರೂ ಆ ಪುಟ ತೆರೆದಾಗಲೆಲ್ಲ ನನ್ನ ಮನಸ್ಸು ಮೈತ್ರೇಯನ ಕಡೆಗೇ ವಾಲುತ್ತದೆ. ವೈದ್ಯನು ಚಾಚಿದ ಕೈ ಎಬ್ಬಿಸುವ ಕೈಯೋ ಅದುಮುವ ಕೈಯೋ ಎಂಬುದೇ ಸಾಧಿಸಬೇಕಾಗಿದ್ದ ವಿಷಯ. ಅದನ್ನು ಆ ದೃಷ್ಟಾಂತವು ಮೊದಲೇ ಸಿದ್ಧವೆಂದು ಭಾವಿಸಿಕೊಂಡುಬಿಟ್ಟಿದೆ. ಮೈತ್ರೇಯನ ಬಾಯಿ ಮುಚ್ಚಿತು, ಸಂಶಯ ಉಳಿಯಿತು.

ನಮ್ಮ ಅಜ್ಜಿ ಕಾಮಾಲೆಗೆ ಮದ್ದು ಕೊಡುತ್ತಿದ್ದರು. ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿಯೇ ಹಿತ್ತಲಿಗೆ ಹೋಗಿ ನೆಲನೆಲ್ಲಿಯನ್ನು ಬೇರುಸಹಿತ ಕಿತ್ತು, ಒರಳಿನಲ್ಲಿ ನುಣ್ಣಗೆ ಅರೆದು, ಹುಳಿಯಿಲ್ಲದ ಮಜ್ಜಿಗೆಯಲ್ಲಿ ಕದಡಿ, ಬೆಳಗಿನ ಖಾಲಿಹೊಟ್ಟೆಯಲ್ಲಿ ಮೂರು ದಿನ ಕುಡಿಸುವರು. ಉಪ್ಪು, ಎಣ್ಣೆ, ಒಗ್ಗರಣೆ ವರ್ಜ್ಯ. ಬಂದವರಲ್ಲಿ ಹೆಚ್ಚಿನವರು ಗುಣಮುಖರಾಗಿ, ಎಲೆ ಅಡಿಕೆ ತೆಂಗಿನಕಾಯಿ ತಂದಿಟ್ಟು ನಮಸ್ಕರಿಸಿ ಹೋಗುತ್ತಿದ್ದರು. ಗುಣವಾಗದವರ ಸುದ್ದಿ ಬಂದಾಗ ಅಜ್ಜಿ ನಿಟ್ಟುಸಿರಿಟ್ಟು, ‘ಪಥ್ಯ ಮುರಿದಿರಬೇಕು ಕಣಪ್ಪ’ ಎನ್ನುವರು. ಅವರು ಕಾಸು ಮುಟ್ಟಿದವರಲ್ಲ. ಅವರ ಶ್ರದ್ಧೆಯಲ್ಲಿ ಕಪಟದ ಲೇಶವೂ ಇರಲಿಲ್ಲ. ಆದರೆ ನೀರಿನಿಂದ ಬರುವ ಸಾಮಾನ್ಯ ಕಾಮಾಲೆ ಬಹುಮಟ್ಟಿಗೆ ತಾನಾಗಿಯೇ ಇಳಿಯತಕ್ಕದ್ದೆಂದು ನಾನು ಬಹುಕಾಲದ ಮೇಲೆ ತಿಳಿದೆ. ಗುಣವಾದವರ ಯಶಸ್ಸೆಲ್ಲ ಮದ್ದಿಗೆ, ಆಗದವರ ಅಪಯಶಸ್ಸೆಲ್ಲ ಪಥ್ಯಕ್ಕೆ ಸಲ್ಲುವ ಈ ಲೆಕ್ಕದಲ್ಲಿ ಯಾವ ಮದ್ದೂ ಸೋಲಲಾರದು. ಕೋಟು ಧರಿಸಿ, ಸ್ಟೆತೊಸ್ಕೋಪ್ ತೂಗುಹಾಕಿಕೊಂಡ ಪಂಡಿತರ ಲೆಕ್ಕವೂ ಅನೇಕ ಸಂದರ್ಭಗಳಲ್ಲಿ ಇದಕ್ಕಿಂತ ಭಿನ್ನವಾಗಿರಲಿಲ್ಲ.

ಹೃದಯಾಘಾತದಿಂದ ಪಾರಾದವರಲ್ಲಿ ಕೆಲವರ ಹೃದಯ ನಡುನಡುವೆ ತಾಳತಪ್ಪಿ ಮಿಡಿಯುವುದುಂಟು. ಹಾಗೆ ಮಿಡಿಯುವವರು ಮುಂದೆ ಹಠಾತ್ತನೆ ಸಾಯುವ ಸಂಭವ ಹೆಚ್ಚೆಂದು ವೈದ್ಯರಿಗೆ ತಿಳಿದಿತ್ತು. ತಪ್ಪುಮಿಡಿತವನ್ನು ಅಡಗಿಸುವ ಮಾತ್ರೆಗಳೂ ಇದ್ದವು. ಆದಕಾರಣ ಮಾತ್ರೆ ಕೊಟ್ಟರೆ ಸಾವು ತಪ್ಪೀತೆಂದು ಊಹಿಸದವರಾರು? ಅಮೆರಿಕದಲ್ಲಿ ಈ ಊಹೆಯನ್ನು ಪರೀಕ್ಷೆಗಿಟ್ಟಾಗ, ಎನ್‌ಕೈನೈಡ್ ಅಥವಾ ಫ್ಲೆಕೈನೈಡ್ ಎಂಬ ಮಾತ್ರೆ ನುಂಗಿದ 755 ಮಂದಿಯಲ್ಲಿ 63 ಮಂದಿ ಸತ್ತಿದ್ದರು. ನೋಟಕ್ಕೆ ಅದೇ ಮಾತ್ರೆಯಂತಿದ್ದು ಒಳಗೆ ಮದ್ದಿಲ್ಲದುದನ್ನು ನುಂಗಿದ 743 ಮಂದಿಯಲ್ಲಿ ಸತ್ತವರು 26. ಪರೀಕ್ಷೆಯ ಈ ಭಾಗವನ್ನು 1989ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಮಿಡಿತ ಸರಿಹೋಗಿತ್ತು, ರೋಗಿಯೇ ಹೋಗಿದ್ದ. ಮಾತ್ರೆ ಬರೆದುಕೊಟ್ಟ ವೈದ್ಯರೆಲ್ಲ ಸಜ್ಜನರು, ವಿದ್ವಾಂಸರು. ತಮ್ಮ ಕೈ ಎಬ್ಬಿಸುವ ಕೈಯೆಂದೇ ದೃಢವಾಗಿ ನಂಬಿದ್ದವರು.

ಹಾಗಾದರೆ ಮೈತ್ರೇಯನಿಗೆ ಉತ್ತರ ಕೊಡುವ ಬಗೆ ಯಾವುದು? ಮದ್ದು ಪಡೆದವರೂ ಪಡೆಯದವರೂ ಉಳಿದೆಲ್ಲ ವಿಷಯಗಳಲ್ಲಿ ಸಮಾನರಾಗಿರಬೇಕು. ವೈದ್ಯನೇ ಆರಿಸಿದರೆ ಕರುಣೆಯಿಂದಲೋ ಆಸೆಯಿಂದಲೋ ಅವನ ಕೈ ಒಂದು ಕಡೆಗೆ ವಾಲುತ್ತದೆ. ರೋಗಿಯೇ ಆರಿಸಿಕೊಂಡರೆ ಧನಿಕನೂ ಧೈರ್ಯಶಾಲಿಯೂ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ಇಬ್ಬರ ಇಚ್ಛೆಯನ್ನೂ ಹೊರಗಿಟ್ಟು ಚೀಟಿ ಎತ್ತುವುದೊಂದೇ ಉಳಿದ ದಾರಿ. 1947ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಯವರು ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಕೊಡಹೊರಟಾಗ ಅನುಸರಿಸಿದ ಕ್ರಮ ಇದೇ. ಯುದ್ಧದಿಂದ ಬಡವಾಗಿದ್ದ ಆ ದೇಶಕ್ಕೆ ಅಮೆರಿಕದಿಂದ ತರಿಸಲು ಸಾಧ್ಯವಾದ ಔಷಧ ಅತ್ಯಲ್ಪ; ಎಲ್ಲರಿಗೂ ಕೊಡುವುದು ಹೇಗೂ ಆಗುತ್ತಿರಲಿಲ್ಲ. ಯೋಜನೆಯ ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ತಾವೇ ಮೊದಲನೆಯ ಮಹಾಯುದ್ಧಕಾಲದಲ್ಲಿ ಕ್ಷಯ ತಗುಲಿ ದೀರ್ಘಕಾಲ ಹಾಸಿಗೆ ಹಿಡಿದು, ವೈದ್ಯನಾಗುವ ಆಸೆಯನ್ನು ಅದರಿಂದಲೇ ತೊರೆದಿದ್ದವರು. ಯಾರಿಗೆ ಔಷಧ, ಯಾರಿಗೆ ಬರಿಯ ವಿಶ್ರಾಂತಿ ಎಂಬುದು ಅವರು ಸಿದ್ಧಪಡಿಸಿದ, ಬಾಯಿ ಅಂಟಿಸಿದ ಲಕೋಟೆಗಳೊಳಗಿತ್ತು. ರೋಗಿಯನ್ನು ಸೇರಿಸಿಕೊಂಡಮೇಲೆಯೇ ಲಕೋಟೆ ತೆರೆಯತಕ್ಕದ್ದು. ಆರು ತಿಂಗಳು ಕಳೆದಾಗ ಔಷಧ ಪಡೆದ 55 ಮಂದಿಯಲ್ಲಿ 4 ಮಂದಿಯೂ, ಪಡೆಯದ 52 ಮಂದಿಯಲ್ಲಿ 14 ಮಂದಿಯೂ ತೀರಿಕೊಂಡಿದ್ದರು. ಮೈತ್ರೇಯನು ಕೇಳಿದ ಭೇದ ಮೊದಲ ಬಾರಿಗೆ ಇಷ್ಟು ನಿಷ್ಠುರವಾಗಿ ಅಂಕೆಗಳಲ್ಲಿ ಕಾಣಿಸಿತು. (ಕ್ರಿಮಿಗಳು ಕ್ರಮೇಣ ಔಷಧವನ್ನೇ ಜೀರ್ಣಿಸಿಕೊಂಡವುಗಳಂತೆ ಅದಕ್ಕೆ ಬಗ್ಗದಾದುದರಿಂದ, ಐದು ವರ್ಷಗಳು ಕಳೆಯುವಷ್ಟರಲ್ಲಿ ಆ ಭೇದ ಬಹಳ ಮಟ್ಟಿಗೆ ಕುಗ್ಗಿಹೋಯಿತೆಂಬ ಕಥೆಯೂ ಇದರ ಬೆನ್ನಿಗಿದೆ.)

ಚೀಟಿ ಎತ್ತುವುದು ನಮಗೆ ಹೊಸದಲ್ಲ. ಅಣ್ಣತಮ್ಮಂದಿರ ಪಾಲಿನಲ್ಲಿ ಕೆರೆಬಯಲ ಗದ್ದೆ ಯಾರಿಗೆಂಬ ಜಗಳ ಬಗೆಹರಿಯದಿದ್ದರೆ ದೇವರ ಮುಂದೆ ಚೀಟಿ ಹಾಕಿ ಮಗುವಿನ ಕೈಯಿಂದ ಎತ್ತಿಸುತ್ತಾರೆ; ರೋಗಿಯನ್ನು ಪಟ್ಟಣದ ಆಸ್ಪತ್ರೆಗೆ ಒಯ್ಯಬೇಕೋ ಬೇಡವೋ ಎಂದು ಗುಡಿಯಲ್ಲಿ ಪ್ರಸಾದ ಕೇಳುತ್ತಾರೆ; ಬಲಗಡೆಯ ಹೂ ಜಾರಿದರೆ ಅಪ್ಪಣೆಯಾಯಿತು. ಆದರೆ ಗುಡಿಯ ಚೀಟಿಯಲ್ಲಿ ಒಬ್ಬನು ಉತ್ತರ ಹೇಳುತ್ತಾನೆಂಬ ನಂಬಿಕೆಯಿದೆ. ಆಸ್ಪತ್ರೆಯ ಚೀಟಿ ಮೂಕ. ಮೂಕವಾಗಿರುವುದೇ ಅದರ ಯೋಗ್ಯತೆ. ಈ ಪದ್ಧತಿಗೆ ನಾವು ಇಂದು ಬಳಸುವ ‘ಯಾದೃಚ್ಛಿಕ’ವೆಂಬ ಮಾತಿನ ಮೂಲವಾದ ‘ಯದೃಚ್ಛೆ’ಯು ಶ್ವೇತಾಶ್ವತರೋಪನಿಷತ್ತಿನ ಆರಂಭದಲ್ಲಿಯೇ ಬರುತ್ತದೆ: ಕಾಲ, ಸ್ವಭಾವ, ನಿಯತಿ ಮೊದಲಾದವುಗಳ ಜೊತೆಗೆ ಯದೃಚ್ಛೆಯೂ ಜಗತ್ಕಾರಣವಾದೀತೆ ಎಂದು ಋಷಿಗಳು ವಿಚಾರಿಸಿ, ಅದನ್ನು ಸಾಲದೆಂದು ಬದಿಗಿಡುತ್ತಾರೆ. ಜಗತ್ತಿಗೆ ಕಾರಣವಾಗಲು ಸಾಲದೆಂದು ಬಿಟ್ಟುದನ್ನು ನಮ್ಮ ಕಾಲದವರು ಜ್ಞಾನಕ್ಕೆ ಕರಣವಾಗಿ ಮಾಡಿಕೊಂಡಿರುವುದು ವಿಚಿತ್ರವಾದರೂ ಅಸಂಗತವಲ್ಲ. ಏನನ್ನೂ ಬಯಸದ ಸಾಕ್ಷಿಯೊಂದೇ ನಂಬತಕ್ಕ ಸಾಕ್ಷಿ.

ಇಲ್ಲಿ ಧರ್ಮದ ಪ್ರಶ್ನೆ ಎದ್ದು ನಿಲ್ಲುತ್ತದೆ. ನನ್ನನ್ನೇ ನಂಬಿ ಬಂದ ರೋಗಿಯನ್ನು ನಾನು ಲಕೋಟೆಯ ಪಾಲುಮಾಡಬಹುದೆ? ಎರಡರಲ್ಲಿ ಒಂದು ಮೇಲೆಂದು ಬಲ್ಲ ವೈದ್ಯನು ಚೀಟಿ ಎತ್ತಿದರೆ ಅದು ನಿಸ್ಸಂದೇಹವಾಗಿ ವಿಶ್ವಾಸಘಾತ. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಫರಂಗಿರೋಗವಿದ್ದ 399 ಮಂದಿ ಕಪ್ಪುಜನರನ್ನು, ಪೆನಿಸಿಲಿನ್ನಿನಿಂದ ಅದು ವಾಸಿಯಾಗುವುದೆಂದು ಲೋಕಕ್ಕೆಲ್ಲ ತಿಳಿದಮೇಲೂ ಚಿಕಿತ್ಸೆ ಕೊಡದೆ, ರೋಗ ಹೇಗೆ ಬೆಳೆಯುವುದೆಂದು ಸರ್ಕಾರಿ ವೈದ್ಯರು ನೋಡುತ್ತ ಕುಳಿತರಲ್ಲ, ಅಲ್ಲಿ ಚೀಟಿಯೂ ಇರಲಿಲ್ಲ, ಅಜ್ಞಾನವೂ ಇರಲಿಲ್ಲ. ಇದ್ದುದು ಪಾಪ ಮಾತ್ರ. ಆದರೆ ತಿಳಿಯದಿರುವಾಗ ತಿಳಿದವನಂತೆ ಮದ್ದು ಬರೆಯುವುದು ಯಾವ ಧರ್ಮ? ವೈದ್ಯನೊಬ್ಬನಿಗೆ ಒಳಗೊಳಗೆ ಒಂದರ ಕಡೆಗೆ ಒಲವಿದ್ದರೂ, ಬಲ್ಲವರ ಸಮುದಾಯದಲ್ಲಿ ಪ್ರಾಮಾಣಿಕವಾದ ಭಿನ್ನಾಭಿಪ್ರಾಯವಿರುವ ತನಕ ಚೀಟಿ ಎತ್ತುವುದು ನ್ಯಾಯವೆಂದು ಬೆಂಜಮಿನ್ ಫ್ರೀಡ್‌ಮನ್ 1987ರಲ್ಲಿ ವಾದಿಸಿದರು. ನನಗೆ ಈ ವಾದ ಒಪ್ಪಿಗೆ. ಫಲವನ್ನು ಬಿಡು ಎಂದು ಗೀತೆ ಕೇಳುತ್ತದೆ. ಇಲ್ಲಿ ಕೇಳುವುದು ‘ನನಗೆ ಗೊತ್ತು’ ಎಂಬುದನ್ನು ಬಿಡುವ ತ್ಯಾಗ, ಮತ್ತು ವಿದ್ಯಾವಂತನಿಗೆ ಇದು ಫಲತ್ಯಾಗಕ್ಕಿಂತ ಕಷ್ಟ.

ಆದರೆ ಚೀಟಿ ಎತ್ತಲಾಗುತ್ತಿದೆ ಎಂಬುದು ಯಾರ ಹೆಸರು ಚೀಟಿಯಲ್ಲಿದೆಯೋ ಅವನಿಗೆ ತಿಳಿದಿರಬೇಕು. ಸ್ಟ್ರೆಪ್ಟೊಮೈಸಿನ್ ಪರೀಕ್ಷೆಯ 1948ರ ವರದಿ ಈ ಕಣ್ಣಿನಿಂದ ನೋಡಿದರೆ ನೆಮ್ಮದಿ ಕೊಡುವುದಿಲ್ಲ: ಔಷಧ ಸಿಗದ ಆ 52 ಮಂದಿಗೆ ತಾವೊಂದು ಪರೀಕ್ಷೆಯಲ್ಲಿದ್ದೇವೆಂಬುದನ್ನು ಆಸ್ಪತ್ರೆಯಲ್ಲಿರುವಷ್ಟು ಕಾಲವೂ ಹೇಳಿರಲಿಲ್ಲವೆಂದು ಅದರಲ್ಲಿಯೇ ಬರೆದಿದೆ. ಇಲ್ಲದ ಆಸೆ ಹುಟ್ಟಿಸಿ ಕೊರಗಿಸಬಾರದೆಂಬ ದಯೆ ಇದ್ದಿರಬಹುದು. ಆದರೂ ಅದು ಮೇಲಿನಿಂದ ಇಳಿದ ದಯೆ.

ಈಚಿನ ಪರೀಕ್ಷೆಗಳಲ್ಲಿ ನನ್ನನ್ನು ಬಹಳ ದಿನ ಕಾಡಿದುದು ರಶಾ ಅಲ್-ಲಾಮೀ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ‘ಆರ್ಬಿಟಾ’. ನಡೆದರೆ ಎದೆನೋವು ಬರುವ, ಹೃದಯದ ಒಂದು ರಕ್ತನಾಳ ಬಹಳ ಕಿರಿದಾಗಿದ್ದ 200 ಮಂದಿಯನ್ನು, ಮೊದಲು ಮಾತ್ರೆಗಳನ್ನೆಲ್ಲ ಸರಿಯಾಗಿ ಕೊಟ್ಟು, ಆಮೇಲೆ ಶಸ್ತ್ರಾಗಾರದ ಮೇಜಿನ ಮೇಲೆ ಮಲಗಿಸಿದರು. ಕಿವಿಗೆ ಹೆಡ್‌ಫೋನು, ಅದರಲ್ಲಿ ಸಂಗೀತ, ಮೈಗೆ ಮಂಪರು. ಚೀಟಿಯಂತೆ ಕೆಲವರಿಗೆ ಸ್ಟೆಂಟ್ ಹಾಕಿದರು. ಉಳಿದವರಿಗೆ ನಾಳದೊಳಗೆ ತಂತಿ ತೂರಿಸಿ, ಸ್ಟೆಂಟ್ ಹಾಕದೆ ಹೊರತೆಗೆದರು. ಯಾರಿಗೆ ಏನಾಯಿತೆಂದು ರೋಗಿಗೂ ತಿಳಿಯದು, ವಾರ್ಡಿನಲ್ಲಿ ಉಪಚರಿಸುವವರಿಗೂ ತಿಳಿಯದು. ಆರು ವಾರಗಳ ಮೇಲೆ ನಡೆಯುವ ಯಂತ್ರದ ಮೇಲೆ ನಡೆಸಿದಾಗ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಮಾಡಿದಂತೆ ನಟಿಸಿದ ಚಿಕಿತ್ಸೆಯಿಂದ ನೋವು ಇಳಿದವನ ಸುಖ ಸತ್ಯವೋ ಮಿಥ್ಯವೋ? ಹಗ್ಗವನ್ನು ಹಾವೆಂದು ಕಂಡು ನಡುಗಿದವನ ನಡುಕ ನಿಜವಾದ ನಡುಕವೇ ಆಗಿರುವಂತೆ, ಇವನ ಉಪಶಮನವೂ ನಿಜವೇ. ಸುಳ್ಳಾದುದು ಅದಕ್ಕೆ ನಾವು ಹೇಳುತ್ತಿದ್ದ ಕಾರಣ. ಅದೇ ತಂಡದವರು 2023ರಲ್ಲಿ, ನೋವಿನ ಮಾತ್ರೆಗಳನ್ನು ನಿಲ್ಲಿಸಿದ್ದ 301 ಮಂದಿಯಲ್ಲಿ ಇದೇ ಪರೀಕ್ಷೆಯನ್ನು ಮತ್ತೆ ಮಾಡಿ, ಅಂಥವರಲ್ಲಿ ಸ್ಟೆಂಟ್ ನೋವನ್ನು ನಿಜವಾಗಿಯೂ ತಗ್ಗಿಸುತ್ತದೆಂದು ಕಂಡರು. ತನ್ನ ಹಿಂದಿನ ಮಾತಿಗೆ ತಾನೇ ಎಲ್ಲೆ ಹಾಕುವ ಈ ನಡತೆ ನನಗೆ ಆ ಫಲಿತಾಂಶಕ್ಕಿಂತ ದೊಡ್ಡದಾಗಿ ತೋರುತ್ತದೆ; ಯಾವ ಮಠದಲ್ಲಿಯೂ ಇದು ಸುಲಭವಾಗಿ ಕಾಣಸಿಗುವುದಿಲ್ಲ.

ದೇವರನ್ನೂ ಲಕೋಟೆಗೆ ಹಾಕಿದವರುಂಟು. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಬಂದ 1802 ಮಂದಿಯಲ್ಲಿ ಕೆಲವರಿಗಾಗಿ ಅಪರಿಚಿತರಿಂದ ಪ್ರಾರ್ಥನೆ ಮಾಡಿಸಿ 2006ರಲ್ಲಿ ಪ್ರಕಟಿಸಿದ ವರದಿಯಂತೆ ಪ್ರಾರ್ಥನೆಯಿಂದ ತೊಡಕುಗಳು ಕಡಿಮೆಯಾಗಲಿಲ್ಲ. ತನಗಾಗಿ ಖಂಡಿತವಾಗಿ ಪ್ರಾರ್ಥಿಸುತ್ತಿದ್ದಾರೆಂದು ತಿಳಿದಿದ್ದವರಲ್ಲಿಯೇ ಅವು ಹೆಚ್ಚಾಗಿ, ನೂರಕ್ಕೆ 59ರಷ್ಟು ಮಂದಿಗೆ, ಬಂದವು. ನಾಸ್ತಿಕರು ನಕ್ಕರು. ನನಗೆ ನಗು ಬಂದುದು ಬೇರೆ ಕಾರಣಕ್ಕೆ: ಮೊದಲ ಹೆಸರನ್ನೂ ಕುಲನಾಮದ ಮೊದಲಕ್ಷರವನ್ನೂ ಅಷ್ಟೆ ಕೊಟ್ಟು, ಇಷ್ಟು ದಿನ ಪ್ರಾರ್ಥಿಸಿ ಎಂದು ಅಳೆದು ಹಂಚಿದುದು ಭಕ್ತನ ದೃಷ್ಟಿಯಲ್ಲಿ ಪ್ರಾರ್ಥನೆಯೇ ಅಲ್ಲ. ಅದರಿಂದ ದೇವರು ಇರುವನೋ ಇಲ್ಲವೋ ಎಂಬುದೂ ತೀರ್ಮಾನವಾಗಲಿಲ್ಲ. ಮೂಕವಾದ ಚೀಟಿಗೆ ಉತ್ತರಿಸಬಲ್ಲ ಪ್ರಶ್ನೆಗಳಿವೆ, ಉತ್ತರಿಸಲಾಗದ ಪ್ರಶ್ನೆಗಳೂ ಇವೆ.

ಇನ್ನು ಋಣದ ಮಾತು. ದೇವಋಣ, ಋಷಿಋಣ, ಪಿತೃಋಣಗಳೆಂದು ನಮ್ಮವರು ಎಣಿಸಿದರು. ಹೆಸರು ಗೊತ್ತಿಲ್ಲದ ರೋಗಿಯ ಋಣವನ್ನು ಎಣಿಸಲಿಲ್ಲ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯಚಿಕಿತ್ಸಾ ಕೇಂದ್ರದಲ್ಲಿ 193 ಮಂದಿ ಬಡ ಕ್ಷಯರೋಗಿಗಳನ್ನು ಚೀಟಿಯಿಂದ ವಿಂಗಡಿಸಿ, ಅರ್ಧದಷ್ಟು ಮಂದಿಗೆ ಸ್ಯಾನಟೋರಿಯಮ್ಮಿನಲ್ಲಿ ಒಳ್ಳೆಯ ಊಟ, ಗಾಳಿ, ವಿಶ್ರಾಂತಿಗಳೊಡನೆ ಔಷಧ ಕೊಟ್ಟರು. ಉಳಿದವರಿಗೆ ಅವರ ಇಕ್ಕಟ್ಟಿನ ಮನೆಗಳಲ್ಲಿಯೇ, ಅವರು ಉಣ್ಣುತ್ತಿದ್ದ ಅರೆಹೊಟ್ಟೆಯ ಊಟದಲ್ಲಿಯೇ ಅದೇ ಔಷಧ ಕೊಟ್ಟರು. 1959ರಲ್ಲಿ ಫಲಿತಾಂಶ ಹೊರಬಂದಾಗ ಮನೆಯಲ್ಲಿದ್ದವರೂ ಹೆಚ್ಚುಕಡಮೆ ಅಷ್ಟೇ ಚೆನ್ನಾಗಿ ಗುಣಹೊಂದಿದ್ದರು; ಮನೆಮಂದಿಗೆ ರೋಗ ಹರಡುವುದೂ ಅದರಿಂದ ಹೆಚ್ಚಿರಲಿಲ್ಲ. ಅಂದಿನಿಂದ ಲೋಕದ ಕೋಟ್ಯಂತರ ಬಡವರು ಮನೆ ಬಿಡದೆ, ಮಕ್ಕಳನ್ನು ಅಗಲದೆ ಕ್ಷಯದಿಂದ ಗುಣವಾದರು. 2020ರಲ್ಲಿ ಬ್ರಿಟನ್ನಿನ ‘ರಿಕವರಿ’ ಪರೀಕ್ಷೆಯಲ್ಲಿ ಡೆಕ್ಸಾಮೆಥಸೋನ್ ಎಂಬ ಹಳೆಯ, ಅಗ್ಗದ ಔಷಧವನ್ನು 2104 ಮಂದಿ ಕೋವಿಡ್ ರೋಗಿಗಳಿಗೆ ಕೊಟ್ಟು, 4321 ಮಂದಿಗೆ ಕೊಡದೆ ನೋಡಿದರು. ವೆಂಟಿಲೇಟರಿನಲ್ಲಿದ್ದವರಲ್ಲಿ 28 ದಿನಗಳೊಳಗೆ ಸತ್ತವರು, ಔಷಧ ಪಡೆದವರಲ್ಲಿ ನೂರಕ್ಕೆ 29ರಷ್ಟು, ಪಡೆಯದವರಲ್ಲಿ 41ರಷ್ಟು. ಆಮ್ಲಜನಕವೇ ಬೇಕಿಲ್ಲದವರಿಗೆ ಮಾತ್ರ ಅದರಿಂದ ಪ್ರಯೋಜನ ಕಾಣಲಿಲ್ಲ. ಮರುವರ್ಷದ ಬೇಸಗೆಯಲ್ಲಿ ನಮ್ಮ ಊರುಗಳ ಆಸ್ಪತ್ರೆಗಳಲ್ಲಿ ಆ ಔಷಧದಿಂದ ಉಸಿರು ಉಳಿಸಿಕೊಂಡು ಮನೆಗೆ ಬಂದವನು, ಆ 4321 ಮಂದಿಯಲ್ಲಿ ಒಬ್ಬನ ಸಾವಿಗಾದರೂ ಋಣಿಯಲ್ಲವೆ? ಶ್ರಾದ್ಧದಲ್ಲಿ ಗೋತ್ರ ತಿಳಿಯದವರಿಗೂ ತಿಲೋದಕ ಬಿಡುವ ಪದ್ಧತಿ ನಮ್ಮಲ್ಲಿದೆ. ಆದರೆ ಈ ಋಣ ನೀರಿನಿಂದ ತೀರುವಂಥದಲ್ಲ. ಇನ್ನೊಬ್ಬರಿಗಾಗಿ ನಮ್ಮ ಹೆಸರೂ ಒಮ್ಮೆ ಚೀಟಿಯಲ್ಲಿ ಬೀಳಲು ಒಪ್ಪುವುದರಿಂದ ತೀರೀತು.

ಆದುದರಿಂದ ಓದುಗರಲ್ಲಿ ನನ್ನದೊಂದು ಬಿನ್ನಹ. ಎಂದಾದರೂ ವೈದ್ಯರು ಒಪ್ಪಿಗೆಪತ್ರ ಹಿಡಿದು ನಿಮ್ಮ ಮಂಚದ ಬಳಿ ಬಂದರೆ, ‘ಎಲ್ಲಾ ನೀವು ಹೇಳಿದ ಹಾಗೇ ಡಾಕ್ಟ್ರೇ’ ಎಂದು ಕಣ್ಣುಮುಚ್ಚಿ ರುಜು ಹಾಕಬೇಡಿ. ಮೋಸವೆಂದು ಬೆದರಿ ಮುಖವನ್ನೂ ತಿರುಗಿಸಬೇಡಿ. ಯಾವುದು ಮೇಲೆಂದು ನಿಜವಾಗಿಯೂ ತಿಳಿದಿಲ್ಲವೆ ಎಂದು ಕೇಳಿರಿ. ಚೀಟಿಯಲ್ಲಿ ಮದ್ದು ಬಾರದಿದ್ದರೆ ನಿಮಗೆ ಸಿಗುವ ಉಪಚಾರ ಯಾವುದೆಂದು ಕೇಳಿರಿ. ನಮ್ಮ ದೇಶದಲ್ಲಿ 2009ರ ಜೂನ್ ತಿಂಗಳಿಂದ ಇಂಥ ಪರೀಕ್ಷೆಗಳನ್ನು ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸುವುದು ಕಡ್ಡಾಯವಾಗಿರುವುದರಿಂದ, ಆ ನೋಂದಣಿಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿರಿ. ಸಮಾಧಾನವಾದರೆ ಒಪ್ಪಿಕೊಳ್ಳಿರಿ. ಮನಸ್ಸು ಒಡಂಬಡದಿದ್ದರೆ ಬೇಡವೆನ್ನಿರಿ. ಬೇಡವೆಂದ ಕಾರಣಕ್ಕೆ ನಿಮ್ಮ ಚಿಕಿತ್ಸೆಯಲ್ಲಿ ಯಾರೂ ಏನನ್ನೂ ಕಡಿಮೆ ಮಾಡುವಂತಿಲ್ಲ.